ಮುಂದಿನ ಗುರುವಾರ ನನ್ನ ಮೊದಲ ಭಾಷಣ, ಹೇಳೋಕೆ ಏನೂ ಇಲ್ಲ

ಬಾಕಿಲೆಕ್ಕ:

ಎಲ್ಲರಿಗೂ ನಮಸ್ಕಾರ. ಜನರ ಮುಂದೆ ಮಾತಾಡೋಕೆ ಕಲಿಯುವ ಟೋಸ್ಟ್‌ಮಾಸ್ಟರ್ಸ್ ಕ್ಲಬ್ ಸೇರಿ ಮೂರು ತಿಂಗಳಾಯಿತು. ಇಷ್ಟು ದಿನ ಹೇಗೋ ತಪ್ಪಿಸಿಕೊಂಡೆ. ನಾಲ್ಕು ಸಲ ಟೈಮರ್ (ಸಮಯ ನೋಡುವವರು) ಆದೆ, ಒಂದು ಸಲ ಆಹ್-ಕೌಂಟರ್ ಆದೆ. ಆಹ್-ಕೌಂಟರ್ ಅಂದರೆ ಮಾತಿನ ನಡುವೆ ಯಾರು ಎಷ್ಟು ಸಲ ‘ಆ...’, ‘ಅಂದ್ರೆ’, ‘ಏನಪ್ಪಾ ಅಂದ್ರೆ’ ಎಂದರು ಅಂತ ಗೀಟು ಹಾಕುವ ಕೆಲಸ. ನನಗೆ ಹೇಳಿ ಮಾಡಿಸಿದ ಹಾಗಿದೆ. ಬಾಯಿ ಬಿಡಬೇಕಾದದ್ದು ಕೊನೆಯಲ್ಲಿ ಒಂದು ನಿಮಿಷ, ಅದೂ ಚೀಟಿ ನೋಡಿಕೊಂಡು.

ಮೊನ್ನೆ ಭಾಷಣಗಳ ಪಟ್ಟಿ ಮಾಡುವವರು ಬಂದು, ‘ಮುಂದಿನ ಗುರುವಾರ ನಿಮ್ಮ ಐಸ್‌ಬ್ರೇಕರ್’ ಅಂದರು. ತಲೆ ಆಡಿಸಿಬಿಟ್ಟೆ. ಯಾಕೆ ಆಡಿಸಿದೆನೋ ದೇವರಿಗೇ ಗೊತ್ತು.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ಐಸ್‌ಬ್ರೇಕರ್ ಅಂದರೆ ಸದಸ್ಯರ ಮೊದಲ ಭಾಷಣ. 4ರಿಂದ 6 ನಿಮಿಷ. ತಮ್ಮ ಬಗ್ಗೆ ತಾವೇ ಮಾತಾಡಬೇಕು. ಟೈಮರ್ 4 ನಿಮಿಷಕ್ಕೆ ಹಸಿರು ತೋರಿಸುತ್ತಾರೆ, 5ಕ್ಕೆ ಹಳದಿ, 6ಕ್ಕೆ ಕೆಂಪು. ಕೆಂಪು ಎತ್ತಿದಾಗ ಮಾತಾಡುವವರ ಮುಖ ಹೇಗಾಗುತ್ತದೆ ಅಂತ ಹತ್ತಿರದಿಂದ ನೋಡಿದ್ದೇನೆ.

ನನ್ನ ತೊಂದರೆ ಎರಡು. ಮೊದಲನೆಯದು ಸಭಾಕಂಪನ. ಟೇಬಲ್ ಟಾಪಿಕ್ಸ್‌ನಲ್ಲಿ ಅಲ್ಲೇ ಕೊಟ್ಟ ವಿಷಯದ ಮೇಲೆ ಒಂದೆರಡು ನಿಮಿಷ ಮಾತಾಡಬೇಕು, ಅಲ್ವಾ? ನಾನು 25 ಸೆಕೆಂಡಿಗೆ ಕೂತುಬಿಟ್ಟೆ. ಗಂಟಲು ಒಣಗಿ ನಾಲಿಗೆ ಅಂಟಿಕೊಂಡಿತ್ತು.

ಎರಡನೆಯದು ಇನ್ನೂ ದೊಡ್ಡದು. ನನ್ನ ಬಗ್ಗೆ ಹೇಳೋಕೆ ಏನೂ ಇಲ್ಲ. ವಯಸ್ಸು 36. ಹನ್ನೆರಡು ವರ್ಷದಿಂದ ಲೆಕ್ಕ ಬರೆಯುವ ಕೆಲಸ. ಬೆಟ್ಟ ಹತ್ತಿಲ್ಲ, ಬಹುಮಾನ ಗೆದ್ದಿಲ್ಲ. ಹುಟ್ಟಿದ್ದು, ಓದಿದ್ದು, ಕೆಲಸಕ್ಕೆ ಸೇರಿದ್ದು ಅಂತ ಬರೆದು ಓದಿ ನೋಡಿದೆ. 2 ನಿಮಿಷ 40 ಸೆಕೆಂಡಿಗೆ ಮುಗಿಯಿತು. ಕೆಲಸದ ಅರ್ಜಿ ಓದಿದ ಹಾಗಿತ್ತು. ನನಗೇ ಆಕಳಿಕೆ ಬಂತು.

ಈ ಪ್ರಶ್ನೆ ನಿನ್ನೆಯೇ ಹಾಕಬೇಕಿತ್ತು. ಆದರೆ ಲೆಕ್ಕದಲ್ಲಿ 270 ವ್ಯತ್ಯಾಸ ಬಂದು, ಅದನ್ನು ಹುಡುಕುತ್ತಾ ರಾತ್ರಿ ಎಂಟಾಯಿತು. ಕೊನೆಗೆ ನೋಡಿದರೆ ಯಾರೋ 8,630 ಅನ್ನು 8,360 ಅಂತ ಬರೆದಿದ್ದರು. 270 ಒಂಬತ್ತರಿಂದ ಭಾಗವಾಗುತ್ತದೆ, ನನಗೆ ಮೊದಲೇ ಹೊಳೆಯಬೇಕಿತ್ತು. ಸುಸ್ತಾಗಿತ್ತು, ಹೊಳೆಯಲಿಲ್ಲ. ಇರಲಿ, ಅದು ಬೇರೆ ಮಾತು.

ಹೇಳಿ, ಆರು ನಿಮಿಷ ಏನಂತ ಮಾತಾಡಲಿ? ಪೂರ್ತಿ ಬಾಯಿಪಾಠ ಮಾಡಿಕೊಂಡು ಹೋದರೆ ಆಗುತ್ತಾ?

ಮೂರನೇಸಾಲು:

ನೀವು ‘ಬೇರೆ ಮಾತು’ ಅಂದಿರಲ್ಲ, ಆ ಪ್ಯಾರಾವನ್ನು ನಾನು ಎರಡು ಸಲ ಓದಿದೆ. ಒಂಬತ್ತರಿಂದ ಭಾಗವಾದರೆ ಏನಾಯಿತು? ಅದರಿಂದ ತಪ್ಪು ಹೇಗೆ ಸಿಗುತ್ತದೆ? ನನಗೂ ಲೆಕ್ಕಕ್ಕೂ ಎಣ್ಣೆ ಸೀಗೆಕಾಯಿ. ಆದರೂ ಈಗ ತಿಳಿಯಲೇಬೇಕು ಅನ್ನಿಸುತ್ತಿದೆ. ಹುಟ್ಟಿದ್ದು, ಓದಿದ್ದು ಎಲ್ಲ ಬಿಡಿ. ಆ 270ರ ರಾತ್ರಿಯನ್ನು ಹೇಳಿ.

ಬಾಯಿಪಾಠದ ಬಗ್ಗೆ. ಮಾಡಿದ್ದೇನೆ, ಅನುಭವಿಸಿದ್ದೇನೆ. ನನ್ನ ಮೊದಲ ಐಸ್‌ಬ್ರೇಕರ್‌ಗೆ ನಾಲ್ಕು ಪುಟ ಬರೆದು, ಹತ್ತು ದಿನ ಉರು ಹೊಡೆದೆ. ಸ್ನಾನ ಮಾಡುವಾಗ ಹೇಳುತ್ತಿದ್ದೆ, ಬಟ್ಟೆ ಒಣಗಿಸುವಾಗ ಹೇಳುತ್ತಿದ್ದೆ. ಮನೆಯವರಿಗೂ ಅರ್ಧ ಬಾಯಿಗೆ ಬಂದಿತ್ತು. ಅಂದು ಎದ್ದು ನಿಂತು ಶುರು ಮಾಡಿದೆ, ಚೆನ್ನಾಗಿಯೇ ಹೋಗುತ್ತಿತ್ತು. ಎರಡನೇ ಪುಟದಲ್ಲಿ ‘ಆದ್ದರಿಂದ’ ಅನ್ನಬೇಕಿದ್ದಲ್ಲಿ ‘ಆದರೆ’ ಅಂದೆ. ಅಷ್ಟೇ. ‘ಆದರೆ’ಯ ಮುಂದೆ ನನ್ನ ಹತ್ತಿರ ಯಾವ ವಾಕ್ಯವೂ ಇರಲಿಲ್ಲ.

ಮಗ್ಗಿ ಗೊತ್ತಲ್ಲ, ಮೊದಲಿಂದ ಹೇಳಿದರೆ ಸರಾಗ. ನಡುವೆ ನಿಲ್ಲಿಸಿ ಹದಿನೇಳು ಎಂಟ್ಲೆ ಎಷ್ಟು ಅಂದರೆ ಹದಿನೇಳು ಒಂದ್ಲೆಯಿಂದ ಮತ್ತೆ ಬರಬೇಕು. ನಾನೂ ಹಾಗೇ ಮಾಡಿದೆ. ಪ್ಯಾರಾದ ಮೊದಲಿಗೆ ಹೋಗಿ ಓಡಿಬಂದೆ, ಅದೇ ಜಾಗದಲ್ಲಿ ನಿಂತೆ. ಇನ್ನೊಮ್ಮೆ ಹೋಗಿ ಬಂದೆ. ಆಮೇಲೆ ‘ಧನ್ಯವಾದ’ ಹೇಳಿ ಕೂತೆ. 2 ನಿಮಿಷ 10 ಸೆಕೆಂಡು. ಟೈಮರ್ ಪಾಪ, ಹಸಿರು ಕಾರ್ಡು ಕೈಯಲ್ಲೇ ಹಿಡಿದುಕೊಂಡಿದ್ದರು.

ಮುಳುಗಿಹೋಯಿತು ಅಂದುಕೊಂಡೆ. ಆದರೆ ನನ್ನ ಇವಾಲ್ಯುಯೇಟರ್, ಅಂದರೆ ಭಾಷಣ ಕೇಳಿ ಅಭಿಪ್ರಾಯ ಹೇಳುವವರು, ಎದ್ದು ಒಂದೇ ಪ್ರಶ್ನೆ ಕೇಳಿದರು: ‘ನೀವು ಶಾಲೆಯ ಪ್ರಾರ್ಥನೆಯಲ್ಲಿ ಹಾಡುತ್ತಿರಲಿಲ್ಲ ಅಂದಿರಿ, ಮುಂದಕ್ಕೆ ಹೋಗಿಬಿಟ್ಟಿರಿ. ಯಾಕೆ ಹಾಡುತ್ತಿರಲಿಲ್ಲ?’ ನಾಲ್ಕು ಪುಟದಲ್ಲಿ ಅದು ಅರ್ಧ ಸಾಲು. ಎರಡು ವಾರ ಬಿಟ್ಟು ಅದೇ ಐಸ್‌ಬ್ರೇಕರ್ ಮತ್ತೆ ಮಾಡಿದೆ. ಆ ಅರ್ಧ ಸಾಲನ್ನೇ ಹೇಳಿದೆ. ಐದು ವರ್ಷ ಮೂರನೇ ಸಾಲಿನಲ್ಲಿ ನಿಂತು ಸುಮ್ನೆ ತುಟಿ ಆಡಿಸಿದ್ದು, ಒಂದು ದಿನ ಮೊದಲ ಎರಡು ಸಾಲಿನವರಿಗೆ ರಜೆ ಇದ್ದು ನಾನು ಮುಂದೆ ಬಂದದ್ದು. ಬರೆದುಕೊಂಡಿರಲಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳೋಕೆ ಬಾಯಿಪಾಠ ಯಾಕೆ ಬೇಕು?

ಮೊದಲ ವಾಕ್ಯ ಮಾತ್ರ ಗಟ್ಟಿ ಮಾಡಿಕೊಳ್ಳಿ. ಎದೆ ಜಾಸ್ತಿ ಢವಢವ ಅನ್ನುವುದು ಆಗಲೇ. ಕೊನೆಯ ವಾಕ್ಯವೂ ಗೊತ್ತಿರಲಿ, ಇಲ್ಲದಿದ್ದರೆ ಇಳಿಯುವ ಜಾಗ ಸಿಗದೆ ಸುತ್ತುತ್ತಾ ಇರುತ್ತೀರಿ. ಮತ್ತೆ ದಯವಿಟ್ಟು ‘ವೇದಿಕೆಯ ಮೇಲೆ ಆಸೀನರಾಗಿರುವ’ ಅಂತ ಮಾತ್ರ ಶುರು ಮಾಡಬೇಡಿ.

ಚೀಟಿಪ್ರಿಯ:

ಮೇಲಿನವರು ಹೇಳಿದ್ದು ಸರಿ, ಆದರೆ ನಾನು ಚೀಟಿಯ ಪಕ್ಷ. ಮೊದಲ ಭಾಷಣಕ್ಕೆ ಬರಿಗೈಯಲ್ಲಿ ಹೋಗಬೇಕು ಅಂತ ಯಾರೂ ಹೇಳಿಲ್ಲ. ಒಂದೇ ಎಚ್ಚರಿಕೆ: ಎ4 ಹಾಳೆ ಬೇಡ. ಕೈ ಒಂದು ಚೂರು ನಡುಗಿದರೂ ಹಾಳೆಯ ತುದಿ ಪಟಪಟ ಅನ್ನುತ್ತದೆ. ಅದನ್ನು ನೋಡಿ ನಮಗೇ ಇನ್ನಷ್ಟು ಭಯವಾಗುತ್ತದೆ. ಅಂಗೈಯಷ್ಟು ದಪ್ಪ ಕಾರ್ಡು ತಗೊಳ್ಳಿ. ಅದರ ಮೇಲೆ ವಾಕ್ಯ ಬರೆಯಬೇಡಿ, ಐದಾರು ಪದ ಸಾಕು, ದೊಡ್ಡ ಅಕ್ಷರದಲ್ಲಿ. ಮೊಬೈಲ್ ನೋಡಿಕೊಂಡು ಮಾತ್ರ ಮಾತಾಡಬೇಡಿ. ನಾನು ಮಾಡಿದ್ದೆ, ನಡುವೆ ಪರದೆ ಆರಿಹೋಯಿತು.

ಹಳದಿಕಾರ್ಡು:

ಸಭಾಕಂಪನದ ಬಗ್ಗೆ ನಾಲ್ಕು ಮಾತು. ನಡುಕ ನಿಲ್ಲಿಸೋಕೆ ಹೋಗಬೇಡಿ, ಅದು ನಿಮ್ಮ ಮಾತು ಕೇಳುವುದಿಲ್ಲ. ಅಡ್ರಿನಲಿನ್ ಏರಿದರೆ ಎದೆ ಬಡಿತ ಹೆಚ್ಚುತ್ತದೆ, ಕೈ ನಡುಗುತ್ತದೆ, ಬಾಯಿ ಒಣಗುತ್ತದೆ. ಕೆಲಸಕ್ಕೆ ಬರುವ ವಿಷಯ ಏನೆಂದರೆ, ಅದು ಹೊರಗೆ ನಾವು ಅಂದುಕೊಂಡಷ್ಟು ಕಾಣುವುದಿಲ್ಲ. ಸಾವಿಟ್‌ಸ್ಕಿ ಮತ್ತು ಗಿಲೋವಿಚ್ ಎಂಬ ಮನಶ್ಶಾಸ್ತ್ರಜ್ಞರು 2003ರಲ್ಲಿ ಇದರ ಮೇಲೆ ಪ್ರಯೋಗ ಪ್ರಕಟಿಸಿದರು. ಮಾತಾಡುವವರು ತಮ್ಮ ಗಾಬರಿ ಎಲ್ಲರಿಗೂ ಕಾಣುತ್ತಿದೆ ಅಂದುಕೊಳ್ಳುತ್ತಾರೆ, ಕೇಳುವವರಿಗೆ ಅದಕ್ಕಿಂತ ಕಡಿಮೆ ಕಾಣುತ್ತದೆ. ಸ್ವಾರಸ್ಯ ಮುಂದಿದೆ. ಭಾಷಣಕ್ಕೆ ಮೊದಲೇ ಈ ವಿಷಯ ತಿಳಿಸಿದ್ದವರು ಉಳಿದವರಿಗಿಂತ ಚೆನ್ನಾಗಿ ಮಾತಾಡಿದರು. ಈಗ ನಿಮಗೂ ತಿಳಿಸಿಯಾಯಿತು!

ಇನ್ನು ಸಮಯ. ಇಂಗ್ಲಿಷ್‌ನವರು ‘ನಿಮಿಷಕ್ಕೆ 120ರಿಂದ 150 ಪದ’ ಅಂತ ಲೆಕ್ಕ ಕೊಡುತ್ತಾರೆ. ಕನ್ನಡದಲ್ಲಿ ಮಾತಾಡುವುದಾದರೆ ಅದನ್ನು ನಂಬಬೇಡಿ. ಅವರು ಮೂರು ನಾಲ್ಕು ಪದದಲ್ಲಿ ಹೇಳುವುದನ್ನು ನಾವು ‘ಹೋಗಬೇಕಾಗಿತ್ತಂತೆ’ ಅಂತ ಒಂದೇ ಪದಕ್ಕೆ ತುಂಬುತ್ತೇವೆ. ಪದ ಎಣಿಸದೆ, ನಿಂತುಕೊಂಡು ಜೋರಾಗಿ ಹೇಳಿ, ಗಡಿಯಾರ ನೋಡಿ. ಕೂತು ಮನಸ್ಸಲ್ಲೇ ಓದಿದ ಸಮಯ ಲೆಕ್ಕಕ್ಕಿಲ್ಲ. ಐದು ನಿಮಿಷಕ್ಕೆ ತಯಾರಿ ಮಾಡಿಕೊಳ್ಳಿ. ಗಾಬರಿಯಲ್ಲಿ ವೇಗ ಹೆಚ್ಚಾದರೂ ಹಸಿರು ದಾಟುತ್ತೀರಿ. ಕೆಂಪು ಬಿದ್ದ ಮೇಲೂ 30 ಸೆಕೆಂಡು ಬಿಡುವು ಇದೆ. ಸಮಯ ಮೀರಿದರೆ ಹೊರಗೆ ಹಾಕುವುದೆಲ್ಲ ಸ್ಪರ್ಧೆಯಲ್ಲಿ ಮಾತ್ರ.

ಬಾಕಿಲೆಕ್ಕ:

ಎಲ್ಲರಿಗೂ ಥ್ಯಾಂಕ್ಸ್. @ಮೂರನೇಸಾಲು, ಒಂಬತ್ತರ ಗುಟ್ಟು ಹೀಗೆ. ಒಂದು ಸಂಖ್ಯೆಯಲ್ಲಿ ಅಂಕಿಗಳು ಅದಲು ಬದಲಾದರೆ ಬರುವ ವ್ಯತ್ಯಾಸ ಯಾವಾಗಲೂ ಒಂಬತ್ತರಿಂದ ಭಾಗವಾಗುತ್ತದೆ. 54 ಬದಲು 45 ಬರೆದರೆ 9. ಅಕ್ಕಪಕ್ಕದ ಅಂಕಿಗಳಾದರೆ ಇನ್ನೂ ಸುಲಭ. 270 ಅನ್ನು 9ರಿಂದ ಭಾಗಿಸಿದರೆ 30. ಅಂದರೆ ನೂರರ ಮತ್ತು ಹತ್ತರ ಸ್ಥಾನದ ಅಂಕಿಗಳು ಬದಲಾಗಿರಬಹುದು, ಅವುಗಳ ನಡುವೆ 3ರ ಅಂತರ ಇರಬೇಕು. 6 ಮತ್ತು 3! ಸೊನ್ನೆ ಬಿಟ್ಟುಹೋದರೂ ಹೀಗೇ ಆಗುತ್ತದೆ. 500 ಬದಲು 50 ಬರೆದರೆ 450, ಅದೂ ಒಂಬತ್ತರಿಂದ ಭಾಗವಾಗುತ್ತದೆ. ಹಾಗಾಗಿ ಇದು ಸುಳಿವು ಅಷ್ಟೇ, ಸಾಕ್ಷಿ ಅಲ್ಲ.

ಆದರೆ ಇದು ಲೆಕ್ಕದ ಪಾಠ ಆಯಿತಲ್ಲ? ಐಸ್‌ಬ್ರೇಕರ್ ನನ್ನ ಬಗ್ಗೆ ಇರಬೇಕಲ್ವಾ?

ಮೂರನೇಸಾಲು:

‘6 ಮತ್ತು 3’ ಆದ ಮೇಲೆ ಒಂದು ಆಶ್ಚರ್ಯಚಿಹ್ನೆ ಹಾಕಿದ್ದೀರಿ. ನಿಮ್ಮ ಎರಡೂ ಬರಹದಲ್ಲಿ ಇರುವುದು ಅದೊಂದೇ. ಅದು ನಿಮ್ಮ ಬಗ್ಗೆ ಅಲ್ಲದೆ ಮತ್ತೇನು? ಪಾಠ ಒಂದು ನಿಮಿಷ ಸಾಕು. ಉಳಿದ ನಾಲ್ಕರಲ್ಲಿ ಆ ರಾತ್ರಿ ಎಲ್ಲರೂ ಹೋದ ಮೇಲೆ ನೀವೊಬ್ಬರೇ ಯಾಕೆ ಕೂತಿರಿ, ಸಿಕ್ಕಾಗ ಏನು ಮಾಡಿದಿರಿ, ಅದನ್ನು ಹೇಳಿ. ತಪ್ಪು ಸಿಗದೆ ಮನೆಗೆ ಹೋದ ದಿನವೂ ಇರಬೇಕು. ಅದು ಇನ್ನೂ ಒಳ್ಳೆಯದು.

ಬಾಕಿಲೆಕ್ಕ:

ಗುರುವಾರ ರಾತ್ರಿ, ಈಗಷ್ಟೇ ಮನೆಗೆ ಬಂದೆ. ಮುಗಿಯಿತು! 5 ನಿಮಿಷ 38 ಸೆಕೆಂಡು.

‘ಹೋದ ವಾರ ನಾನು 270 ಕಳೆದುಕೊಂಡೆ’ ಅಂತ ಶುರು ಮಾಡಿದೆ. ಒಬ್ಬರು ‘ಅಯ್ಯೋ’ ಅಂದರು, ನಿಜವಾಗಿ ಕಳೆದುಕೊಂಡೆ ಅಂತ. ಅದಕ್ಕೆ ಎಲ್ಲರೂ ನಕ್ಕರು, ನಾನೂ ನಕ್ಕೆ. ಆಮೇಲೆ ನಾಲಿಗೆ ಸಡಿಲವಾಯಿತು. ಮೊಣಕಾಲು ಮಾತ್ರ ಕೊನೆತನಕ ನಡುಗುತ್ತಲೇ ಇತ್ತು. ಆಮೇಲೆ ಮೂವರನ್ನು ಕೇಳಿದೆ, ಒಬ್ಬರಿಗೂ ಕಂಡಿರಲಿಲ್ಲ. ಕಾರ್ಡಿನಲ್ಲಿ ಐದು ಪದ ಬರೆದಿದ್ದೆ, ನಾಲ್ಕನೆಯದು ‘ಅಪ್ಪ’. ಅಪ್ಪ ಹಳೆ ಲೆಕ್ಕದ ಪುಸ್ತಕದ ಹಿಂದೆ ನನಗೆ ಕೂಡುವುದು ಕಲಿಸಿದ್ದನ್ನು ಹೇಳಬೇಕಿತ್ತು. ಮರೆತೇಹೋಯಿತು. ನೆನಪಾದದ್ದು ವಾಪಸ್ ಬರುವ ದಾರಿಯಲ್ಲಿ. ಅದೊಂದು ಸ್ವಲ್ಪ ಚುಚ್ಚುತ್ತಿದೆ.

ಇವಾಲ್ಯುಯೇಟರ್ ಹೇಳಿದ್ದು ಕೇಳಿ: ‘ಇವರು ಐದೂವರೆ ನಿಮಿಷ ಒಬ್ಬರನ್ನೇ ನೋಡಿದರು, ಟೈಮರ್ ಅವರನ್ನು.’ ಅಭ್ಯಾಸ ಬಲ ನೋಡಿ. ನಾಲ್ಕು ಸಲ ಆ ಕುರ್ಚಿಯಲ್ಲಿ ಕೂತವಳು ನಾನು, ಕಣ್ಣು ತಾನಾಗಿ ಅಲ್ಲಿಗೇ ಹೋಗುತ್ತಿತ್ತು. ಅಂಕಿ ಹೇಳುವಾಗ ಸ್ವಲ್ಪ ನಿಲ್ಲಬೇಕಿತ್ತು ಅಂತಲೂ ಅಂದರು. ಕೇಳುವವರಿಗೆ ಮನಸ್ಸಲ್ಲೇ ಕಳೆಯೋಕೆ ಸಮಯ ಬೇಕಲ್ಲ, ಸರಿ ಮಾತು. ಆಹ್-ಕೌಂಟರ್ ಲೆಕ್ಕ: ‘ಅಂದ್ರೆ’ ಹನ್ನೊಂದು, ‘ಆ...’ ನಾಲ್ಕು. ಒಟ್ಟು ಹದಿನೈದು. ಅವರು ಹದಿನಾಲ್ಕು ಅಂತ ಓದಿದರು. ನಾನು ಕೈ ಎತ್ತಿ ತಿದ್ದಿದೆ.

ಸಭೆ ಮುಗಿದ ಮೇಲೆ ಹಿಂದಿನ ಸಾಲಿನಲ್ಲಿ ಇಬ್ಬರು ಮೊಬೈಲ್ ಕ್ಯಾಲ್ಕುಲೇಟರ್ ಹಿಡಿದು ಅಂಕಿ ಅದಲು ಬದಲು ಮಾಡುತ್ತಾ ಕೂತಿದ್ದರು.

ಮೂರನೇಸಾಲು:

ನಾನೂ ಮಾಡಿ ನೋಡಿದೆ. 71, 17. ವ್ಯತ್ಯಾಸ 54. ಸರಿ ಇದೆ.

ಅಪ್ಪನನ್ನು ಎರಡನೇ ಭಾಷಣಕ್ಕೆ ಇಟ್ಟುಕೊಳ್ಳಿ. ತಾರೀಖು ಕೊಟ್ಟರಾ?

ಬಾಕಿಲೆಕ್ಕ:

ಕೇಳಿದರು. ಈ ಸಲವೂ ತಲೆ ಆಡಿಸಿದ್ದೇನೆ.