ಅಪ್‌ಡೇಟ್: ಸೈಪ್ರೊಟೆರೋನ್ 50 ಮಿ.ಗ್ರಾಂ ಬೇಕೇ?

ಟ್ರಾನ್ಸ್ ಮಹಿಳೆಯರ ಹಾರ್ಮೋನ್ ಚಿಕಿತ್ಸೆಯಲ್ಲಿ ಎಸ್ಟ್ರಾಡಿಯಾಲ್ (ಸ್ತ್ರೀ ಹಾರ್ಮೋನ್) ಮಾತ್ರೆ ಜೊತೆ, ಟೆಸ್ಟೋಸ್ಟೆರೋನ್ ಎಂಬ ಪುರುಷ ಹಾರ್ಮೋನ್ ತಡೆಯುವ ಸೈಪ್ರೊಟೆರೋನ್ ದಿನಕ್ಕೆ 50 ಮಿ.ಗ್ರಾಂ ಬೇಕೇ ಎಂದು ಇಲ್ಲಿ ಕೇಳಿದ್ದೆ. ಉತ್ತರಿಸಿದವರಿಗೆಲ್ಲ ಧನ್ಯವಾದ. ವೈದ್ಯರೊಂದಿಗೆ ಚರ್ಚಿಸಿದ ಮೇಲೆ 10 ಮಿ.ಗ್ರಾಂ ಎಂದು ತೀರ್ಮಾನವಾಯಿತು. ಟೆಸ್ಟೋಸ್ಟೆರೋನ್ ತಗ್ಗಿಸಲು ಸಾಮಾನ್ಯವಾಗಿ ಅಷ್ಟು ಸಾಕು. ಡೋಸ್ ಏರಿದಷ್ಟೂ, ವರ್ಷಗಳು ಕಳೆದಷ್ಟೂ ಮಿದುಳಿನ ಪೊರೆಯ ಗಡ್ಡೆ, ಅಂದರೆ ಮೆನಿಂಜಿಯೋಮಾ, ಬರುವ ಅಪಾಯ ಹೆಚ್ಚುತ್ತದೆ. ಯುರೋಪಿನ ಔಷಧ ಸಂಸ್ಥೆ 2020ರಲ್ಲೇ ಎಚ್ಚರಿಸಿತ್ತು. ಹೊಸದಾಗಿ ತಲೆನೋವು ಶುರುವಾದರೆ, ಕಣ್ಣು ಮಂಜಾದರೆ ಕೂಡಲೇ ವೈದ್ಯರಿಗೆ ಹೇಳಬೇಕು.

ಎಸ್ಟ್ರಾಡಿಯಾಲ್‌ಗೆ ಮಾತ್ರೆಯ ಬದಲು ಚರ್ಮಕ್ಕೆ ಅಂಟಿಸುವ ಪ್ಯಾಚ್ ಕೂಡ ಇದೆ. ಚರ್ಮದಿಂದ ನೇರ ರಕ್ತಕ್ಕೆ ಸೇರುವ ಎಸ್ಟ್ರಾಡಿಯಾಲ್ ಮೊದಲು ಯಕೃತ್ತನ್ನು ಹಾಯುವುದಿಲ್ಲ, ಹಾಗಾಗಿ ರಕ್ತ ಹೆಪ್ಪುಗಟ್ಟುವ ಭಯ ಕಡಿಮೆ. ಸಿಗರೇಟು ಸೇದುವವರು ಇದನ್ನು ಖಂಡಿತ ವಿಚಾರಿಸಿ.

ಸೈಪ್ರೊಟೆರೋನ್ ಬದಲು ಸ್ಪೈರೊನೊಲ್ಯಾಕ್ಟೋನ್ (ಟೆಸ್ಟೋಸ್ಟೆರೋನ್ ತಡೆಯುವ ಇನ್ನೊಂದು ಔಷಧ) ಸೂಚಿಸಿದವರಿಗೆ: ಅದರ ಜೊತೆ ಬಿಪಿಗೆ ರಾಮಿಪ್ರಿಲ್ ತರಹದ ಮಾತ್ರೆ ಇದ್ದರೆ ರಕ್ತದಲ್ಲಿ ಪೊಟ್ಯಾಸಿಯಮ್ ಅಪಾಯಕರವಾಗಿ ಏರಬಹುದು. ಮೊದಲ ವರ್ಷ 3 ತಿಂಗಳಿಗೊಮ್ಮೆ ರಕ್ತಪರೀಕ್ಷೆ. ಟೆಸ್ಟೋಸ್ಟೆರೋನ್ ಗುರಿ ಡೆಸಿಲೀಟರಿಗೆ 50 ನ್ಯಾನೋಗ್ರಾಂಗಿಂತ ಕಡಿಮೆ.