ಹೆದರಿಸುವವರಿಗೂ ಹೆದರಿಕೆ ಇರುತ್ತದೆ, ಕಾಕಾ

ವಾಟ್ಸಾಪ್ ಗುಂಪು: ನಮ್ಮ ಮನೆ ಮಂದಿ

ದೊಡ್ಡ ಕಾಕಾ (ಧಾರವಾಡ): *ಬಹಳ ಸಲ ಫಾರ್ವರ್ಡ್ ಆಗಿದೆ* ಭಯದ ಕಥೆಗಳ ರಾಜ ಸ್ಟೀಫನ್ ಕಿಂಗ್! ಅಮಲಿನಲ್ಲಿ ಇಡೀ ಕಾದಂಬರಿ ಬರೆದ, ಬರೆದದ್ದೇ ಸರಿಯಾಗಿ ನೆನಪಿಲ್ಲ! 13 ಅಂಕಿ ಕಂಡರೆ ಭಯ! ಜೋರು ರಾಕ್ ಸಂಗೀತ ಹಾಕಿಕೊಂಡು ಬರೆಯುತ್ತಾನೆ! ನಿಮ್ಮ ಮಕ್ಕಳು ಏನು ಓದುತ್ತಿದ್ದಾರೆ, ನೋಡಿಕೊಳ್ಳಿ!

ದೊಡ್ಡ ಕಾಕಾ: ಎಲ್ಲರೂ ಓದಿರಿ. ನಿನ್ನೆ ಬೈಪಾಸ್ ಮನೆಗೆ ಹೋಗಿದ್ದೆ. ನಮ್ಮ ಹುಡುಗ ಫಿಜಿಕ್ಸ್ ಪುಸ್ತಕದ ಕೆಳಗೆ ಇದೇ ಮನುಷ್ಯನ ಕಾದಂಬರಿ ಇಟ್ಟುಕೊಂಡು ಕೂತಿದ್ದ. ಸೆಕೆಂಡ್ ಪಿಯುಸಿ ಹುಡುಗ. ಬೇಂದ್ರೆಯವರು ಛತ್ರಿ ಹಿಡಿದು ಸಾಧನಕೇರಿಯಲ್ಲಿ ನಡೆದು ಹೋಗುವುದನ್ನು ಕಣ್ಣಾರೆ ಕಂಡ ಮಂದಿ ನಾವು. ನಮ್ಮ ಮನೆಯಲ್ಲಿ ಇದೇನು?

ವೈನಿ: ಕಾಕಾ, ಗೆಳೆಯನ ಹತ್ತಿರ ತಂದಿದ್ದಾನಂತೆ. ‘ಪೆಟ್ ಸೆಮೆಟರಿ’ ಅಂತ ಹೆಸರು, ಸಾಕುಪ್ರಾಣಿಗಳ ಸ್ಮಶಾನ ಅಂತ ಅರ್ಥವಂತೆ. ಮೇಲೆ ಬೆಕ್ಕಿನ ಚಿತ್ರ ಇದೆ. ನೋಡಿದರೇ ಮೈ ಜುಮ್ ಅನ್ನುತ್ತದೆ. ಪರೀಕ್ಷೆ ಬೇರೆ ಹತ್ತಿರ ಬಂತು.

ಗದಗ ಅತ್ತೆ: ಕಸಿದು ಇಟ್ಟುಬಿಡವ್ವಾ. ಅಮಾವಾಸ್ಯೆ ಮುಂದೆ ಇಟ್ಟುಕೊಂಡು ದೆವ್ವದ ಪುಸ್ತಕ ಯಾಕೆ ಮನೆಯಲ್ಲಿ?

ನಾನು: ಅತ್ತೆ, ನಿಮ್ಮವ್ವ ಊಟ ಆದಮೇಲೆ ನಮ್ಮನ್ನೆಲ್ಲ ಮಾಳಿಗೆ ಮೇಲೆ ಕೂರಿಸಿ ಹುಣಸೆಮರದ ಕಥೆ ಹೇಳುತ್ತಿದ್ದಳಲ್ಲ, ಅದು ಮರೆತುಹೋಯಿತಾ? ಕಥೆ ಮುಗಿದ ಮೇಲೆ ಕೆಳಗೆ ನೀರು ಕುಡಿಯಲು ಹೋಗಬೇಕಾದರೂ ಒಬ್ಬರ ಕೈ ಒಬ್ಬರು ಹಿಡಿದುಕೊಂಡು ಹೋಗುತ್ತಿದ್ದೆವು. ಯಾರೂ ಕೆಟ್ಟು ಹೋಗಲಿಲ್ಲ. ಮರುದಿನ ಮತ್ತೆ ಅದೇ ಕಥೆ ಬೇಕು ಅಂತ ಹಟ ಮಾಡುತ್ತಿದ್ದೆವು.

ನಾನು: ಕಾಕಾ, ನೀವು ಕಳಿಸಿದ್ದರಲ್ಲಿ ಸುಳ್ಳಿಲ್ಲ. ‘ಕೂಜೋ’ ಅನ್ನುವ ಕಾದಂಬರಿ ಬರೆದದ್ದು ಹೆಚ್ಚುಕಡಿಮೆ ನೆನಪೇ ಇಲ್ಲ ಅಂತ ಕಿಂಗ್ ತಾವೇ ಬರೆದಿದ್ದಾರೆ. ಕುಡಿತ, ಕೊಕೇನ್ ಎರಡೂ ಇತ್ತು. ಆದರೆ ಆಮೇಲೆ ಏನಾಯಿತು ಅನ್ನುವುದನ್ನು ಆ ಫಾರ್ವರ್ಡ್ ಹೇಳುವುದಿಲ್ಲ. ಹೆಂಡತಿ ಟ್ಯಾಬಿತಾ ಮನೆಮಂದಿ, ಗೆಳೆಯರನ್ನೆಲ್ಲ ಕೂರಿಸಿ, ಗಂಡನ ಕೋಣೆಯ ಕಸವನ್ನು ಚೀಲದಲ್ಲಿ ತುಂಬಿ ತಂದು ಎಲ್ಲರ ಮುಂದೆ ಸುರಿದಳು. ಬಿಯರ್ ಡಬ್ಬಿ, ಸಿಗರೇಟ್ ತುಂಡು, ಕೊಕೇನ್ ಸಾಮಾನು, ಎಲ್ಲ. ಇದನ್ನು ಬಿಡು, ಇಲ್ಲ ಮನೆ ಬಿಡು ಅಂದಳು. ಅವರು ಬಿಟ್ಟರು. ಇದು 1980ರ ದಶಕದ ಕೊನೆಯ ಮಾತು. ಅಲ್ಲಿಂದೀಚೆಗೆ ಬರೆದದ್ದೆಲ್ಲ ಅಮಲಿಲ್ಲದೆ ಬರೆದದ್ದು.

ದೊಡ್ಡ ಕಾಕಾ: ಬಿಟ್ಟಿದ್ದರೆ ಒಳ್ಳೆಯದು. ಆದರೆ ಸದಾ ಕೊಲೆ, ಹೆಣ, ದೆವ್ವ ಯೋಚಿಸುವವನ ತಲೆ ಎಂಥದು ಇರಬೇಕು?

ನಾನು: ಅದನ್ನೇ ಹೇಳುತ್ತೇನೆ, ಸ್ವಲ್ಪ ಉದ್ದ ಆಗುತ್ತದೆ, ಓದಿರಿ.

ಅವರು ಹುಟ್ಟಿದ್ದು 1947ರಲ್ಲಿ, ಅಮೆರಿಕದ ಮೇನ್ ರಾಜ್ಯದ ಪೋರ್ಟ್‌ಲ್ಯಾಂಡ್‌ನಲ್ಲಿ. ಎರಡು ವರ್ಷದ ಕೂಸಿದ್ದಾಗ ಅಪ್ಪ ಸಿಗರೇಟ್ ತರುತ್ತೇನೆ ಅಂತ ಹೊರಗೆ ಹೋದವನು ತಿರುಗಿ ಬರಲಿಲ್ಲ. ತಾಯಿ ಅಲ್ಲಿ ಇಲ್ಲಿ ದುಡಿದು ಇಬ್ಬರು ಗಂಡುಮಕ್ಕಳನ್ನು ಸಾಕಿದಳು. ಸಣ್ಣವನಿದ್ದಾಗ ಮೊಲದ ನಾಲ್ಕು ಕಥೆ ಬರೆದುಕೊಟ್ಟರೆ ಕಥೆಗೆ 25 ಸೆಂಟ್‌ನಂತೆ ಕೊಟ್ಟವಳೂ ಅವಳೇ. ಬರಹಕ್ಕೆ ಸಿಕ್ಕ ಮೊದಲ ದುಡ್ಡು ಅದು. ಆಮೇಲೆ ಪತ್ರಿಕೆಗಳಿಂದ ವಾಪಸ್ ಬಂದ ಚೀಟಿಗಳನ್ನು ಗೋಡೆಯ ಮೊಳೆಗೆ ಚುಚ್ಚಿ ಇಡುತ್ತಿದ್ದರು. ಚೀಟಿ ಜಾಸ್ತಿಯಾಗಿ ಆ ಮೊಳೆ ಭಾರ ತಾಳಲಿಲ್ಲ. ದೊಡ್ಡ ಮೊಳೆ ಹೊಡೆದು ಬರೆಯುತ್ತ ಹೋದರು.

ಅಪ್ಪ ಬಿಟ್ಟುಹೋದ ಸಾಮಾನಿನ ಪೆಟ್ಟಿಗೆಯೊಂದು ಬಂಧುಗಳ ಮನೆಯ ಅಟ್ಟದಲ್ಲಿತ್ತು. ಅದರಲ್ಲಿ ಲವ್‌ಕ್ರಾಫ್ಟ್‌ನ ಭಯದ ಕಥೆಗಳ ಪುಸ್ತಕ ಸಿಕ್ಕಿತು. ಅಪ್ಪನಿಂದ ಹುಡುಗನಿಗೆ ಬಂದ ಆಸ್ತಿ ಅಂದರೆ ಅದು. ಅತ್ತೆ, ನೀವು ಅಂಥ ಪುಸ್ತಕ ಕಸಿದು ಇಡಬೇಕು ಅನ್ನುತ್ತೀರಿ. ನನಗೆ ಆ ಹುಡುಗ ಅಟ್ಟದಲ್ಲಿ ಕೂತು ಓದುತ್ತಿರುವುದೇ ಕಣ್ಣಿಗೆ ಕಟ್ಟುತ್ತದೆ.

ಹಾವೇರಿ ಮಾಮಾ: ದೆವ್ವದ ಕಥೆ ನಮ್ಮಲ್ಲೂ ಉಂಟು ಬಿಡು. ಹಾಳು ಬಾವಿ, ಪಾಳು ಮನೆ. ಇವನದೇನು ಹೊಸದು?

ನಾನು: ಮಾಮಾ, ಅದೇ ಹೊಸದು. ಪಾಳು ಬಂಗಲೆಯಲ್ಲಿದ್ದ ಭಯವನ್ನು ಪಕ್ಕದ ಮನೆಗೆ, ಅಂಗಡಿಗೆ, ಅಡುಗೆಮನೆಗೆ ತಂದವರು ರಿಚರ್ಡ್ ಮ್ಯಾಥಿಸನ್ ಅನ್ನುವ ಲೇಖಕರು. ನನ್ನ ಮೇಲೆ ಎಲ್ಲರಿಗಿಂತ ಹೆಚ್ಚು ಪ್ರಭಾವ ಇವರದೇ ಅಂತ ಕಿಂಗ್ ಹೇಳಿಕೊಂಡಿದ್ದಾರೆ. ಶರ್ಲಿ ಜಾಕ್ಸನ್ ಅಂತ ಒಬ್ಬಳು ಲೇಖಕಿ. 1980ರ ‘ಫೈರ್‌ಸ್ಟಾರ್ಟರ್’ ಕಾದಂಬರಿಯನ್ನು ಅವಳ ನೆನಪಿಗೆ ಅರ್ಪಿಸಿದರು. ಅವಳಿಗೆ ಯಾವತ್ತೂ ದನಿ ಏರಿಸುವ ಅಗತ್ಯ ಬೀಳಲಿಲ್ಲ ಅಂತ ಬರೆದರು. ನಮ್ಮಜ್ಜಿಯೂ ಹಾಗೇ ಅಲ್ವಾ ಅತ್ತೆ? ಹೆದರಿಸುವ ಜಾಗಕ್ಕೆ ಬಂದಾಗ ಅವಳ ದನಿ ಇನ್ನೂ ಮೆತ್ತಗಾಗುತ್ತಿತ್ತು.

ಗದಗ ಅತ್ತೆ: ಅದು ಖರೆ. ಅವ್ವ ಯಾವತ್ತೂ ಕೂಗಿ ಹೇಳಲಿಲ್ಲ.

ನಾನು: ಕಿಂಗ್ ಶಾಲೆಯಲ್ಲಿ ಮಾಸ್ತರಾಗಿದ್ದರು, ಕಾಕಾ, ನಿಮ್ಮ ಹಾಗೆ. ಮಕ್ಕಳಿಗೆ ರಕ್ತ ಹೀರುವ ಪಿಶಾಚಿಯ ಕಾದಂಬರಿ ‘ಡ್ರಾಕುಲಾ’ ಪಾಠ ಹೇಳುತ್ತ, ಈ ಡ್ರಾಕುಲಾ ಈಗಿನ ಕಾಲದ ಅಮೆರಿಕಕ್ಕೆ ಬಂದರೆ ಹೇಗಿರುತ್ತದೆ ಅಂತ ಮನೆಯಲ್ಲಿ ಮಾತಾಡಿಕೊಂಡರು. 1975ರ ‘ಸೇಲಮ್ಸ್ ಲಾಟ್’ ಹುಟ್ಟಿದ್ದು ಹಾಗೆ.

ದೊಡ್ಡ ಕಾಕಾ: ಮಾಸ್ತರು ಅನ್ನುವುದು ಗೊತ್ತಿರಲಿಲ್ಲ. ಆದರೆ ನೋಡವ್ವಾ, ಹೆದರಿಸಿ ದುಡ್ಡು ಮಾಡುವುದು ಸಾಹಿತ್ಯ ಆಗುತ್ತದೆಯೇ?

ನಾನು: ದುಡ್ಡಿನ ಆಸೆಗೆ ಬರೆದವರಲ್ಲ ಕಾಕಾ. ಮೊದಲ ಕಾದಂಬರಿ ‘ಕ್ಯಾರಿ’ ಬರೆಯುವಾಗ ಟ್ರೇಲರ್ ಮನೆಯಲ್ಲಿ, ಅಂದರೆ ಗಾಲಿ ಮೇಲಿನ ಸಣ್ಣ ಮನೆಯಲ್ಲಿದ್ದರು. ಬಟ್ಟೆ ಒಗೆಯುವ ಸಣ್ಣ ಕೋಣೆಯಲ್ಲಿ ಕೂತು, ಹೆಂಡತಿಯ ಟೈಪ್‌ರೈಟರ್‌ನಲ್ಲಿ ಬರೆಯುತ್ತಿದ್ದರು. ಮೊದಲ ಹಾಳೆಗಳು ಸರಿಬರಲಿಲ್ಲ ಅಂತ ಮುದ್ದೆ ಮಾಡಿ ಕಸದ ಬುಟ್ಟಿಗೆ ಎಸೆದರು. ಟ್ಯಾಬಿತಾ ಅವನ್ನು ಎತ್ತಿ, ಸಿಗರೇಟ್ ಬೂದಿ ಕೊಡವಿ, ಸುಕ್ಕು ಬಿಡಿಸಿ ಓದಿದಳು. ಇದನ್ನು ಮುಂದುವರಿಸು, ಮುಂದೆ ಏನಾಗುತ್ತದೆ ನನಗೆ ತಿಳಿಯಬೇಕು ಅಂದಳು. ಪ್ರಕಾಶಕರು ಒಪ್ಪಿದ್ದು ತಂತಿ ಮೂಲಕ ತಿಳಿಯಿತು, ಯಾಕಂದರೆ ಖರ್ಚು ಉಳಿಸಲು ಫೋನ್ ತೆಗೆಸಿದ್ದರು. ಮುಂಗಡ 2,500 ಡಾಲರ್. ಆಮೇಲೆ ಪೇಪರ್‌ಬ್ಯಾಕ್ ಹಕ್ಕು 4,00,000 ಡಾಲರ್‌ಗೆ ಹೋಯಿತು, ಅದರಲ್ಲಿ ಅರ್ಧ ಇವರದು. ಹೆಂಡತಿಗೆ ಏನಾದರೂ ಕೊಡಿಸಬೇಕು ಅಂತ ಹೊರಗೆ ಹೋದರೆ ತೆರೆದಿದ್ದದ್ದು ಒಂದು ಔಷಧಿ ಅಂಗಡಿ. ಅಲ್ಲಿಂದ ಕೂದಲು ಒಣಗಿಸುವ ಯಂತ್ರ ತಂದುಕೊಟ್ಟರು! 1974ರಲ್ಲಿ ಪುಸ್ತಕ ಅಚ್ಚಾಗಿ ಬರುವ ಮೊದಲೇ ತಾಯಿ ಕ್ಯಾನ್ಸರ್‌ನಿಂದ ತೀರಿಕೊಂಡಳು. ಬಂಧುವೊಬ್ಬಳು ಹಾಸಿಗೆ ಪಕ್ಕ ಕೂತು ಅವಳಿಗೆ ಅದನ್ನು ಓದಿ ಹೇಳಿದ್ದಳಂತೆ. ಈ ಭಾಗ ನೆನಪಾದರೆ ನನಗೆ ಗಂಟಲು ಕಟ್ಟುತ್ತದೆ.

ಸಾಹಿತ್ಯ ಹೌದೋ ಅಲ್ಲವೋ ಅನ್ನುವ ಜಗಳ ಅಲ್ಲೂ ಆಗಿದೆ. 2003ರಲ್ಲಿ ನ್ಯಾಷನಲ್ ಬುಕ್ ಫೌಂಡೇಶನ್ ಪದಕ ಕೊಟ್ಟಾಗ ಹೆರಾಲ್ಡ್ ಬ್ಲೂಮ್ ಅವರಂಥ ದೊಡ್ಡ ವಿಮರ್ಶಕರು ಸಿಟ್ಟಾಗಿ ಬರೆದರು. ನೀವು ಅವರ ಪಕ್ಷ ಅಂದುಕೊಳ್ಳುತ್ತೇನೆ.

ಹಾವೇರಿ ಮಾಮಾ: ತಂಗಿ, ಒಂದು ಮಾತು. ಇವರದೇ ‘ರೇಜ್’ ಅನ್ನುವ ಪುಸ್ತಕ ಇತ್ತು. ಶಾಲೆಗೆ ಬಂದೂಕು ತರುವ ಹುಡುಗನ ಕಥೆ. ಅಲ್ಲಿ ಶಾಲೆಯಲ್ಲಿ ಗುಂಡು ಹಾರಿಸಿದ ಹುಡುಗನ ಹತ್ತಿರ ಅದೇ ಪುಸ್ತಕ ಸಿಕ್ಕಿತು. ಅದಕ್ಕೇನು ಹೇಳುತ್ತೀ? ಕಾಕಾನ ಚಿಂತೆ ಸುಮ್ನೆ ಅಲ್ಲ.

ನಾನು: ಖರೆ ಮಾಮಾ. 1977ರಲ್ಲಿ ರಿಚರ್ಡ್ ಬಾಕ್‌ಮನ್ ಅನ್ನುವ ಬೇರೆ ಹೆಸರಲ್ಲಿ ಬಂದ ಪುಸ್ತಕ. 1997ರಲ್ಲಿ ಕೆಂಟಕಿಯ ಒಂದು ಶಾಲೆಯಲ್ಲಿ ಗುಂಡಿನ ದಾಳಿ ಆದಮೇಲೆ ಕಿಂಗ್ ತಾವೇ ಮುಂದಾಗಿ ಅದರ ಮುದ್ರಣ ನಿಲ್ಲಿಸಿದರು. ಪುಸ್ತಕ ಒಂದೇ ಆ ಹುಡುಗರನ್ನು ಕೊಲೆಗಾರರನ್ನಾಗಿ ಮಾಡಲಿಲ್ಲ, ಆದರೆ ಉರಿಯುವ ಬೆಂಕಿಗೆ ಅದು ಎಣ್ಣೆಯಾಗಬಾರದು ಅನ್ನುವುದು ಅವರ ನಿಲುವು. ಯಾರೂ ಕೋರ್ಟಿಗೆ ಎಳೆದು ಮಾಡಿಸಿದ್ದಲ್ಲ. ತಾನು ಬರೆದದ್ದಕ್ಕೆ ಇಷ್ಟು ಜವಾಬ್ದಾರಿ ಹೊರುವವರು ಎಷ್ಟು ಜನ ಸಿಗುತ್ತಾರೆ? ನನಗಂತೂ ಅವರ ಮೇಲೆ ಗೌರವ ಜಾಸ್ತಿ ಆದದ್ದೇ ಇದರಿಂದ.

ವೈನಿ: ಈ ಬೆಕ್ಕಿನ ಪುಸ್ತಕದ ಮಾತು ಹೇಳಿ. ಇದು ಓದಬಹುದಾ, ಬೇಡವಾ?

ನಾನು: ವೈನಿ, ಅದು ನಿಮಗೆ ಎಲ್ಲರಿಗಿಂತ ಬೇಗ ಅರ್ಥ ಆಗುವ ಪುಸ್ತಕ. 1978ರ ಸುಮಾರಿಗೆ ಅವರು ಆರಿಂಗ್ಟನ್ ಅನ್ನುವ ಊರಲ್ಲಿ ಬಾಡಿಗೆ ಮನೆ ಹಿಡಿದರು. ಮನೆ ಮುಂದೆಯೇ ಹೆದ್ದಾರಿ, ಹಗಲು ರಾತ್ರಿ ಲಾರಿ. ಅಲ್ಲಿ ಸತ್ತ ನಾಯಿ, ಬೆಕ್ಕುಗಳನ್ನು ಹೂಳಲು ಓಣಿಯ ಮಕ್ಕಳು ಮನೆ ಹಿಂದಿನ ಗುಡ್ಡದಲ್ಲಿ ಒಂದು ಜಾಗ ಮಾಡಿದ್ದರು. ಕಿಂಗ್ ಅವರ ಮಗಳ ಬೆಕ್ಕೂ ಆ ರಸ್ತೆಗೇ ಹೋಯಿತು. ಹೂತು ಬಂದಮೇಲೆ ಮಗಳು ಸಿಟ್ಟಿನಿಂದ ಕುಣಿದು ಕೂಗುತ್ತಿದ್ದಳಂತೆ, ದೇವರಿಗೆ ಬೇಕಾದರೆ ತನ್ನ ಬೆಕ್ಕು ತಾನು ಸಾಕಿಕೊಳ್ಳಲಿ, ನನ್ನದು ನನಗೆ ಬೇಕು ಅಂತ. ಆಮೇಲೆ ಒಂದು ದಿನ ಸಣ್ಣ ಮಗ ಆ ರಸ್ತೆ ಕಡೆ ಓಡಿದ. ಅಪ್ಪ ಹಿಂದೆ ಓಡಿ ಹಿಡಿದರು. ಹಿಡಿಯಲು ಆಗದಿದ್ದರೆ? ಆ ಪ್ರಶ್ನೆಯಿಂದಲೇ ಕಾದಂಬರಿ ಹುಟ್ಟಿತು. ಬರೆದು ಮುಗಿಸಿ ಅವರೇ ಹೆದರಿ ಒಳಗೆ ಇಟ್ಟುಬಿಟ್ಟರು. ಹೆಂಡತಿಗೂ ಸೇರಲಿಲ್ಲ. ಪ್ರಕಾಶಕರ ಜೊತೆಗಿನ ಕರಾರು ತೀರಿಸಲು 1983ರಲ್ಲಿ ಹೊರಬಂತು.

ನಾನು: ಕಾಕಾ, ಸದಾ ಹೆಣ ಯೋಚಿಸುವವನ ತಲೆ ಎಂಥದು ಅಂದಿರಲ್ಲ. ಮಕ್ಕಳ ಮೇಲೆ ಜೀವ ಇಟ್ಟ ಅಪ್ಪನ ತಲೆ ಅದು. 1999ರ ಜೂನ್ 19ರಂದು ರಸ್ತೆ ಅಂಚಿನಲ್ಲಿ ನಡೆದು ಹೋಗುವಾಗ ಅವರಿಗೇ ವ್ಯಾನ್ ಗುದ್ದಿತು. ಕಾಲು, ಸೊಂಟ ಮುರಿದವು. ಕೆಲವು ವಾರಗಳಲ್ಲಿ ನೋವು ಸಹಿಸುತ್ತಲೇ ಮತ್ತೆ ಬರೆಯಲು ಕೂತರು. ಮೇಜು ಹೊಂದಿಸಿಕೊಟ್ಟವಳು ಮತ್ತೆ ಅದೇ ಟ್ಯಾಬಿತಾ.

ವೈನಿ: ಗಬ್ಬೂರಿನಿಂದ ನರೇಂದ್ರದವರೆಗೆ ನಮ್ಮ ಈ ಬೈಪಾಸ್ ರಸ್ತೆ ಎಷ್ಟು ಜನರನ್ನು ನುಂಗಿದೆ, ಗೊತ್ತಲ್ಲ. 2021ರ ಜನವರಿಯಲ್ಲಿ ಇಟಿಗಟ್ಟಿ ಹತ್ತಿರ ಆದ ಅಪಘಾತ ನಾನು ಮರೆತಿಲ್ಲ. ಈಗ ಅಗಲ ಮಾಡುತ್ತಿದ್ದಾರೆ. ಆದರೂ ಸಣ್ಣವಳು ಅಂಗಳಕ್ಕೆ ಇಳಿದರೆ ನನ್ನ ಕೈಕಾಲು ಅಡುಗೆಮನೆಯಲ್ಲಿ ನಿಲ್ಲುವುದಿಲ್ಲ. ಆ ಅಪ್ಪನ ಹೆದರಿಕೆ ನನಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಹುಡುಗ: ಅಜ್ಜ, ಸಿಟ್ಟಾಗಬೇಡಿ. ಆ ಮಗು ರಸ್ತೆಗೆ ಓಡುವ ಭಾಗ ಮೊನ್ನೆ ರಾತ್ರಿ ಓದಿದೆ. ಓದಿ ಎದ್ದು ಹೋಗಿ ಗೇಟ್ ನೋಡಿ ಬಂದೆ. ನಮ್ಮ ಗೇಟಿನ ಚಿಲಕ ಸಡಿಲ ಇದೆ. ತಂಗಿ ಒಂದು ಸಲ ನೂಕಿದರೆ ತೆರೆಯುತ್ತದೆ. ಹಗ್ಗ ಕಟ್ಟಿಟ್ಟಿದ್ದೇನೆ.

ಗದಗ ಅತ್ತೆ: ನನ್ನ ಬಂಗಾರ.

ದೊಡ್ಡ ಕಾಕಾ: ಹಗ್ಗದಿಂದ ಏನೂ ಆಗುವುದಿಲ್ಲ. ಕುಡಿತದ ವಿಷಯದಲ್ಲಿ ನನ್ನ ಮಾತು ನನ್ನದೇ, ಅದು ಬದಲಾಗುವುದಿಲ್ಲ. ಪರೀಕ್ಷೆ ಮುಗಿಯುವವರೆಗೆ ರಾತ್ರಿ ಹನ್ನೊಂದರ ಮೇಲೆ ಯಾವ ಪುಸ್ತಕವೂ ಬೇಡ. ಚಿಲಕದ ಅಳತೆ ಕಳಿಸು, ನಾಳೆ ಬರುವಾಗ ತರುತ್ತೇನೆ.

ಹುಡುಗ: ಆರು ಇಂಚು ಅಜ್ಜ. ಫೋಟೊ ಕಳಿಸುತ್ತೇನೆ.

ದೊಡ್ಡ ಕಾಕಾ: ಆ ಪುಸ್ತಕ ಎಲ್ಲಿಡುತ್ತೀ? ಊಟ ಆದಮೇಲೆ ಆ ಬೆಕ್ಕಿನ ಭಾಗ ಎಲ್ಲಿದೆ ತೋರಿಸು, ನಾನೇ ಓದಿ ನೋಡುತ್ತೇನೆ.