160ರಿಂದ 180 ಎಂಎಂ ರೋಟರ್‌ಗೆ ಹೋಗಬಹುದಾ?

ಪ್ರಶ್ನೆ: ಎಂಟಿಬಿ (ಮೌಂಟೇನ್ ಸೈಕಲ್) ಮುಂದಿನ ಚಕ್ರಕ್ಕೆ ಶಿಮಾನೊ ಹೈಡ್ರಾಲಿಕ್ ಬ್ರೇಕ್, 160ರ ರೋಟರ್ (ಬ್ರೇಕ್ ಡಿಸ್ಕ್), ಆರು ಬೋಲ್ಟಿನ ಹಬ್ (ಚಕ್ರದ ನಡುಭಾಗ). ಇಳಿಜಾರಲ್ಲಿ ಬ್ರೇಕ್ ಸಾಲ್ತಿಲ್ಲ. 180 ಹಾಕಿದ್ರೆ ಇದೇ ಕ್ಯಾಲಿಪರ್ (ಪ್ಯಾಡ್‌ಗಳಿಂದ ರೋಟರನ್ನ ಒತ್ತಿ ಹಿಡಿಯೋ ಭಾಗ) ನಡೆಯುತ್ತಾ?

ಉತ್ತರ 1: ನಡೆಯುತ್ತೆ. ಆದ್ರೆ ತ್ರಿಜ್ಯ 10 ಎಂಎಂ ಹೆಚ್ಚುತ್ತಲ್ಲ, ಕ್ಯಾಲಿಪರನ್ನೂ ಅಷ್ಟೇ ಹೊರಗೆ ಸರಿಸೋ ಅಡಾಪ್ಟರ್ ಬೇಕೇ ಬೇಕು. ಅದಕ್ಕೂ ಮೊದಲು ಫೋರ್ಕ್‌ಗೆ (ಮುಂದಿನ ಚಕ್ರ ಹಿಡಿದಿರೋ ಕವೆ) ಹಾಕಬಹುದಾದ ಗರಿಷ್ಠ ರೋಟರ್ ಅಳತೆ ನೋಡಿ. ಸೆಂಟರ್‌ಲಾಕ್ (ಆರು ಬೋಲ್ಟಿನ ಬದಲು ನಡುವೆ ಒಂದೇ ರಿಂಗ್‌ನಿಂದ ಬಿಗಿಯೋ) ರೋಟರ್ ನಿಮ್ಮ ಹಬ್‌ಗೆ ಕೂರಲ್ಲ.

ಉತ್ತರ 2: ಅಗ್ಗದ ರೋಟರ್ ಮೇಲೆ ‘ರೆಸಿನ್ ಪ್ಯಾಡ್ ಓನ್ಲಿ’ (ರೆಸಿನ್ ಪ್ಯಾಡ್ ಮಾತ್ರ) ಅಂತಿದ್ರೆ ಮೆಟಲ್ ಪ್ಯಾಡ್ ಬೇಡ, ರೋಟರನ್ನ ಬೇಗ ತಿಂದುಹಾಕುತ್ತೆ. ಶಿಮಾನೊ ರೋಟರ್ ದಪ್ಪ 1.8 ಎಂಎಂ, 1.5ಕ್ಕೆ ಇಳಿದ್ರೆ ಎಸೀರಿ. 2.0 ದಪ್ಪದ ರೋಟರ್ ಪ್ಯಾಡ್‌ಗೆ ಉಜ್ಜಬಹುದು.

ಉತ್ತರ 3: ಟಿ25 ಟಾರ್ಕ್ಸ್‌ನಲ್ಲಿ (ನಕ್ಷತ್ರ ತುದಿಯ ಕೀಲಿ) ಬೋಲ್ಟುಗಳನ್ನ ಎದುರುಬದುರಾಗಿ ಸ್ವಲ್ಪಸ್ವಲ್ಪವೇ ಬಿಗೀರಿ. ಎಣ್ಣೆ ಕೈ ರೋಟರ್‌ಗೆ ತಾಗಿಸ್ಬೇಡಿ.